ಮೊದಲೇ ಹಾಕಿದ ಸಹಿ

ಇಂಟರ್‌ವ್ಯೂ ಎಂಬುದನ್ನು ಕಂಡುಹಿಡಿದ ಮಹಾನುಭಾವ ಯಾರೋ, ಅವನು ಮೇಜಿನ ಈಚೆ ಬದಿಯಲ್ಲಿ ಯಾವತ್ತೂ ಕೂತಿರಲಿಕ್ಕಿಲ್ಲ. ಕೂತಿದ್ದರೆ ಹೊರಗೆ ಕಾಯುವವರಿಗೆ ಇನ್ನೊಂದು ಫ್ಯಾನನ್ನಾದರೂ ಹಾಕಿಸುತ್ತಿದ್ದ. ಆಸ್ಪತ್ರೆಯ ಮೂರನೇ ಮಹಡಿಯ ಕಾರಿಡಾರಿನಲ್ಲಿ ಗೋಡೆಗೆ ಒತ್ತಿಸಿಟ್ಟ ಏಳು ಪ್ಲಾಸ್ಟಿಕ್ ಕುರ್ಚಿ, ಏಳು ಮಂದಿ, ಒಂದೇ ಫ್ಯಾನು. ಅದಕ್ಕೂ ತಿರುಗುವುದಕ್ಕಿಂತ ಗೊಣಗುವುದರಲ್ಲೇ ಆಸಕ್ತಿ. ಐದನೆಯ ಕುರ್ಚಿಯಲ್ಲಿ ಇಕ್ಕಳದಕ್ಕ ಕೂತಿದ್ದಳು.

ಇಕ್ಕಳದಕ್ಕ ಎಂಬುದು ಅವಳ ಹಳೆಯ ಆಸ್ಪತ್ರೆಯವರು ಇಟ್ಟ ಹೆಸರು. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟ, ಇಕ್ಕಳಗಳನ್ನು ತೊಳೆದು, ಒರೆಸಿ, ಎಣಿಸಿ, ನೀಲಿ ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ಆವಿಯ ಯಂತ್ರದಲ್ಲಿ ಬೇಯಿಸಿ ಥಿಯೇಟರಿಗೆ ಕಳಿಸುವ ಸ್ಟೆರೈಲ್ ರೂಮಿನಲ್ಲಿ ಅವಳು ಹತ್ತೊಂಬತ್ತು ವರ್ಷ ದುಡಿದಿದ್ದಳು. ಒಂದು ಇಕ್ಕಳ ಕಡಿಮೆಯಾದರೆ ಸರ್ಜನ್ನರ ಜೇಬನ್ನೂ ತಡಕಿಸುವವಳು. ಹಿಡಿದದ್ದನ್ನು ಬಿಡುವವಳಲ್ಲ ಎಂದು ಆ ಹೆಸರು ಬಿತ್ತು. ಈಗ ಹದಿನಾಲ್ಕು ತಿಂಗಳಿಂದ ಹಿಡಿಯುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

ಎದುರಿನ ಕಿಟಕಿಯಿಂದ ಆಸ್ಪತ್ರೆಯ ಹಿಂಭಾಗ ಕಾಣುತ್ತಿತ್ತು. ಅಲ್ಲಿ ಸಾಲಾಗಿ ಆರು ಸಿಬ್ಬಂದಿ ಮನೆಗಳು. ಒಂದು ಕೋಣೆ, ಒಂದು ಅಡುಗೆಮನೆ, ಬಾಗಿಲ ಹೊರಗೆ ಬಟ್ಟೆ ಒಣಹಾಕುವ ತಂತಿ. ಕೊನೆಯ ಮನೆಗೆ ಬೀಗ ಹಾಕಿತ್ತು. ಸ್ಟೆರೈಲ್ ರೂಮಿನ ಮೇಲ್ವಿಚಾರಕಿಯಾಗಿ ಇವತ್ತು ಯಾರನ್ನು ಆರಿಸುತ್ತಾರೋ ಆ ಬೀಗದ ಕೈ ಅವರಿಗೆ ಎಂದು ಜಾಹೀರಾತಿನಲ್ಲಿ ಸ್ಪಷ್ಟವಾಗಿ ಬರೆದಿದ್ದರು. ಇಕ್ಕಳದಕ್ಕ ಬಂದಾಗಿನಿಂದ ಆ ಬೀಗವನ್ನೇ ನೋಡುತ್ತಿದ್ದಳು.

ಅವಳೂ ಅವಳ ಹನ್ನೆರಡು ವರ್ಷದ ಮಗಳೂ ಈಗ ಇರುವುದು ತಂಗಿಯ ಮನೆಯಲ್ಲಿ. ಅಮ್ಮನೂ ಅಲ್ಲೇ. ತಂಗಿಯ ಮಗುವೂ ಸೇರಿ ಎರಡು ಕೋಣೆಯ ಮನೆಯಲ್ಲಿ ಆರು ಜನ. ಮಗಳು ವಾಷಿಂಗ್ ಮಷೀನಿನ ಮೇಲೆ ಪುಸ್ತಕವಿಟ್ಟು, ನಿಂತುಕೊಂಡೇ ಹೋಂವರ್ಕ್ ಮಾಡುತ್ತಾಳೆ. ಮಷೀನು ತಿರುಗಿದ ದಿನ ಅವಳ ಅಕ್ಷರವೂ ತಿರುಗುತ್ತದೆ. ತಂಗಿಯ ಗಂಡ ಒಳ್ಳೆಯವನೇ, ಒಂದು ದಿನವೂ ಒಂದು ಮಾತು ಅಂದವನಲ್ಲ. ಆದರೆ ಬೆಳಿಗ್ಗೆ ಬಚ್ಚಲಮನೆಯ ಮುಂದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು ಅವನು ನಗುನಗುತ್ತಾ ಕಾಯುವುದನ್ನು ನೋಡಿದಾಗಲೆಲ್ಲ, ಇವನು ಒಂದು ಸಲವಾದರೂ ಬೈಯಬಾರದೇ ಎಂದು ಇಕ್ಕಳದಕ್ಕನಿಗೆ ಅನ್ನಿಸುತ್ತಿತ್ತು.

ಅವನು ಸಾಮಾನು ಮಾರುವ ಹುಡುಗರಿಗೆ ಮಾತು ಕಲಿಸುವ ಕೆಲಸದವನು. ಒಂದು ವಾರದಿಂದ ಹೆಂಡತಿಯ ಅಕ್ಕನಿಗೂ ಪಾಠ ನಡೆದಿತ್ತು. ಊಟದ ಮೇಜಿನ ಆ ಕಡೆ ಅವನು, ಈ ಕಡೆ ಇವಳು, ನಡುವೆ ಅವನು ಉತ್ತರ ಬರೆದುಕೊಟ್ಟ ರಟ್ಟಿನ ತುಂಡುಗಳು. ಎಲ್ಲವೂ ಸರಾಗವಾಗಿ ಬರುತ್ತಿದ್ದವು, ಒಂದನ್ನು ಬಿಟ್ಟು. ಹಳೆಯ ಕೆಲಸ ಯಾಕೆ ಬಿಟ್ಟಿರಿ?

ನಿಜ ಹೇಳುವುದಾದರೆ, ಅವಳ ಸಹಿ ಇದ್ದ ಒಂದು ಪ್ಯಾಕೆಟ್ಟು ಸರಿಯಾಗಿ ಬೇಯದೆ ಥಿಯೇಟರಿಗೆ ಹೋಗಿತ್ತು. ರಾಜೀನಾಮೆ ಬರೆದುಕೊಡಿ ಎಂದಿದ್ದರು, ಬರೆದುಕೊಟ್ಟಿದ್ದಳು.

"ನಿಜಾನೇ ಹೇಳ್ಬಿಡ್ತೀನಿ," ಎಂದಿದ್ದಳು ಇಕ್ಕಳದಕ್ಕ.

"ಬಾಡಿಗೆ ಮನೆ ಕೇಳೋಕೆ ಹೋದವರು, ನಾವು ಗೋಡೆಗೆಲ್ಲಾ ಮೊಳೆ ಹೊಡೀತೀವಿ ಅಂತ ಹೇಳ್ತಾರಾ ಅಕ್ಕ?" ಎಂದು ಅವನು ನಕ್ಕಿದ್ದ. "ಅಮ್ಮನಿಗೆ ಹುಷಾರಿರಲಿಲ್ಲ, ನೋಡ್ಕೊಳ್ಳೋಕೆ ಬಿಟ್ಟೆ ಅಂತ ಹೇಳಿ. ಅದನ್ನ ಯಾರೂ ಕೆದಕಲ್ಲ."

ಪಕ್ಕದಲ್ಲೇ ಕೂತು ಮೊಮ್ಮಗಳ ಸಮವಸ್ತ್ರಕ್ಕೆ ಗುಂಡಿ ಹೊಲಿಯುತ್ತಿದ್ದ ಅಮ್ಮ, ಎಪ್ಪತ್ತೊಂದು ವರ್ಷದ ಗಟ್ಟಿ ಜೀವ, ದಾರವನ್ನು ಹಲ್ಲಿನಲ್ಲಿ ಕಡಿದು, "ಎಷ್ಟು ಹುಷಾರಿಲ್ಲ ಅಂತ ಬೇಕಾದ್ರೂ ಹೇಳ್ಕೊ. ಹಾಗಂದ್ರೆ ನನಗೇನು ನೆಗಡಿ ಬರಲ್ಲ," ಎಂದಿದ್ದಳು.

ಕಾರಿಡಾರಿನಲ್ಲಿ ಪಕ್ಕದ ಕುರ್ಚಿಯ ಹುಡುಗಿ ಗುಲಾಬಿ ಫೈಲು ತೊಡೆಯ ಮೇಲಿಟ್ಟುಕೊಂಡು ಗಿಣಿಪಾಠ ಒಪ್ಪಿಸುತ್ತಿದ್ದಳು. ನಡುವೆ ನಿಲ್ಲಿಸಿ, "ಅಕ್ಕಾ, ನಿಮ್ಮ ದೌರ್ಬಲ್ಯ ಏನು ಅಂತ ಕೇಳಿದ್ರೆ ಏನು ಹೇಳ್ತೀರಾ?" ಎಂದಳು.

"ನೀನೇನು ಹೇಳ್ತೀಯಾ?"

"ನಾನು ತುಂಬಾ ಜಾಸ್ತಿ ಕೆಲಸ ಮಾಡ್ತೀನಿ, ಅದೇ ನನ್ನ ದೌರ್ಬಲ್ಯ ಅಂತ."

"ನಂಬ್ತಾರಾ?"

"ಎಲ್ರೂ ಅದನ್ನೇ ಹೇಳ್ತಾರಂತೆ ಅಕ್ಕಾ. ಕೇಳೋರಿಗೂ ಅದೇ ಬೇಕಂತೆ."

ಅಷ್ಟರಲ್ಲಿ ಬಾಗಿಲು ತೆರೆದು ಐದನೆಯ ನಂಬರು ಕೂಗಿದರು. ಇಕ್ಕಳದಕ್ಕ ಎದ್ದು ಒಳಗೆ ಹೋದಳು.

ಒಳಗೆ ಉದ್ದನೆಯ ಮೇಜಿನ ಹಿಂದೆ ಮೂವರು. ನಡುವೆ ಆಡಳಿತಾಧಿಕಾರಿ, ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. ಎಡಕ್ಕೆ ಸರ್ಜನ್, ಥಿಯೇಟರಿನ ಹಸಿರು ಅಂಗಿಯಲ್ಲೇ ಬಂದು ಕೂತು ಗಡಿಯಾರ ನೋಡಿಕೊಳ್ಳುತ್ತಿದ್ದ. ಬಲಕ್ಕೆ ಮೇಟ್ರನ್, ಆಸ್ಪತ್ರೆಯ ದಾದಿಯರಿಗೆಲ್ಲ ಹಿರಿಯಳು. ನರೆತ ಕೂದಲನ್ನು ಬಿಗಿದು ಕಟ್ಟಿದ್ದಳು, ಬಾಯನ್ನೂ ಹಾಗೇ. ಮೇಜಿನ ಮೇಲೆ ಗಾಯ ತೊಳೆಯುವಾಗ ಹಿಡಿಯುವಂಥ ಬಾಗಿದ ಸ್ಟೀಲ್ ಟ್ರೇ ಇತ್ತು.

"ಫೋನ್ ಅದರಲ್ಲಿ ಇಡಿ. ಹೋದ ಸಲ ಒಬ್ಬರು ತೊಡೆ ಮೇಲೆ ಫೋನ್ ಇಟ್ಕೊಂಡು ಉತ್ತರ ಓದಿಬಿಟ್ರು," ಎಂದ ಅಧಿಕಾರಿ.

ಶಬ್ದ ಬರದಂತೆ ಮೊದಲೇ ಮಾಡಿದ್ದ ಫೋನನ್ನು ಇಕ್ಕಳದಕ್ಕ ಟ್ರೇಯಲ್ಲಿಟ್ಟು ಕೂತಳು. ಆ ಕುರ್ಚಿಯೋ, ಯಾರು ಆರಿಸಿಟ್ಟಿದ್ದರೋ, ಒಂದು ಗೇಣು ಕುಳ್ಳು. ಕೂತವಳ ಗಲ್ಲ ಮೇಜಿನ ಮಟ್ಟಕ್ಕೆ ಬಂತು. ಐವತ್ತು ಜನರ ಎದುರು ಸರ್ಜನ್ನರನ್ನೇ ದಬಾಯಿಸಿದವಳಿಗೆ ಈಗ ಶಾಲೆಯಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ ಅನ್ನಿಸಿತು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. "ಮನೆಯವರು ಏನು ಮಾಡ್ತಾರೆ?" ಎಂದು ಅಧಿಕಾರಿ ಕೇಳಿದ. ಕೇಳಬಾರದ ಪ್ರಶ್ನೆ ಅದು, ಆದರೂ ಕೇಳದೆ ಬಿಡುವವರು ಯಾರು? "ಬೇರೆ ಊರಲ್ಲಿ ಬೇರೆಯವರ ಮನೆಯವರಾಗಿದ್ದಾರೆ ಸಾರ್. ಎಂಟು ವರ್ಷ ಆಯ್ತು," ಎಂದಳು. ಅಧಿಕಾರಿ ತಡವರಿಸಿ ಹಾಳೆ ತಿರುವಿದ. ಮೇಟ್ರನ್‌ಳ ಬಾಯಿಯ ಬಿಗಿ ಕೊಂಚ ಸಡಿಲಾದಂತೆ ಕಂಡಿತು.

"ಪ್ಯಾಕೆಟ್ಟು ಯಂತ್ರದಿಂದ ಒದ್ದೆಯಾಗಿ ಬಂತು ಅಂತಿಟ್ಕೊಳ್ಳಿ," ಎಂದ ಸರ್ಜನ್, ಗಡಿಯಾರದಿಂದ ಕಣ್ಣೆತ್ತದೆ. "ಥಿಯೇಟರಲ್ಲಿ ನಾನು ಬೇಗ ಬೇಕು ಅಂತ ಕೂಗ್ತಾ ಇದೀನಿ. ಏನು ಮಾಡ್ತೀರಾ?"

"ಕೂಗ್ಲಿ ಅಂತ ಬಿಡ್ತೀನಿ ಸಾರ್."

ಸರ್ಜನ್ ಈಗ ತಲೆಯೆತ್ತಿದ.

"ಒದ್ದೆ ಬಟ್ಟೆ ಮೇಲೆ ಕೈ ಇಟ್ರೆ ಕೈಯಲ್ಲಿರೋ ಕೊಳೆ ಒಳಗೆ ಇಳಿಯುತ್ತೆ. ಬಿಚ್ಚಿ, ಒಣಬಟ್ಟೇಲಿ ಸುತ್ತಿ, ಮತ್ತೆ ಬೇಯಿಸಿಯೇ ಕೊಡೋದು. ನಿಮ್ಮ ಗಂಟಲು ನೋವು ಒಂದು ದಿನಕ್ಕೆ ಹೋಗುತ್ತೆ ಸಾರ್, ರೋಗಿಯ ಕೀವು ಹೋಗಲ್ಲ."

ಸರ್ಜನ್ ನಕ್ಕ. ಅಧಿಕಾರಿಯೂ ಕಾಗದದ ಮೇಲೆ ಏನೋ ಗೀಚಿ ತಲೆದೂಗಿದ. ಇಕ್ಕಳದಕ್ಕ ಮೊದಲ ಸಲ ಕುರ್ಚಿಯ ಬೆನ್ನಿಗೆ ಒರಗಿದಳು. ಕೊನೆಯ ಮನೆಯ ತಂತಿಯ ಮೇಲೆ ಮಗಳ ಸಮವಸ್ತ್ರ ಒಣಗುತ್ತಿರುವುದು ಕಣ್ಣಿಗೆ ಕಟ್ಟಿತು.

"ಹತ್ತೊಂಬತ್ತು ವರ್ಷದ ಅನುಭವ," ಎಂದ ಅಧಿಕಾರಿ, ಅರ್ಜಿಯ ಮೇಲೆ ಬೆರಳಾಡಿಸುತ್ತಾ. "ಆಮೇಲೆ ಹದಿನಾಲ್ಕು ತಿಂಗಳು ಏನೂ ಇಲ್ಲ. ಯಾಕೆ ಬಿಟ್ರಿ?"

ರಟ್ಟಿನ ತುಂಡು ಕಣ್ಣಮುಂದೆ ಬಂತು.

"ಅಮ್ಮನಿಗೆ ಹುಷಾರಿರಲಿಲ್ಲ ಸಾರ್. ನೋಡ್ಕೊಳ್ಳೋಕೆ ಯಾರೂ ಇರಲಿಲ್ಲ."

ತಂಗಿಯ ಗಂಡನ ಪ್ರಕಾರ ಮಾತು ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. "ಏನಾಗಿತ್ತು ಅವರಿಗೆ?"

"ಲಕ್ವ ಸಾರ್. ಒಂದು ಕಡೆ ಸ್ವಾಧೀನ ಇರಲಿಲ್ಲ." ಅದು ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ಆ ಬೆಳಿಗ್ಗೆಯಷ್ಟೇ ಅಮ್ಮ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಮಹಡಿ ಹತ್ತಿದ್ದಳು.

"ಯಾವ ಕಡೆ?"

"ಎಡಗಡೆ... ಎಡಗಡೆ ಸಾರ್."

"ನನ್ನ ಅಮ್ಮನಿಗೂ ಎಡಗಡೆನೇ. ಮಾತು?"

"ಮಾತೂ ಅಷ್ಟಕ್ಕಷ್ಟೇ."

"ಊಟ ನೀವೇ ಮಾಡಿಸ್ತಿದ್ರಾ? ಟ್ಯೂಬಾ?"

ಒಂದು ಸುಳ್ಳನ್ನು ಮುಚ್ಚಲು ಹತ್ತು ಸುಳ್ಳು ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆ ಹತ್ತೂ ಹೀಗೆ ಒಂದರ ಹಿಂದೊಂದು ಸರತಿ ನಿಂತು ಬರುತ್ತವೆ ಎಂದು ಯಾರೂ ಹೇಳಿರಲಿಲ್ಲ. ಈ ಮನುಷ್ಯ ಇನ್ನು ಔಷಧಿಯ ಹೆಸರು ಕೇಳುತ್ತಾನೆ, ಡಾಕ್ಟರ ಹೆಸರು ಕೇಳುತ್ತಾನೆ. ಒಮ್ಮೆ ಮುಗಿದರೆ ಸಾಕು ಎನ್ನಿಸಿತು.

"ಈಗ ಹೇಗಿದ್ದಾರೆ?"

"ಹೋಗ್ಬಿಟ್ರು ಸಾರ್."

ಅಂದದ್ದು ತಾನೇ ಎಂದು ತಿಳಿಯಲು ಅವಳಿಗೇ ಒಂದು ಕ್ಷಣ ಬೇಕಾಯಿತು. ಅಧಿಕಾರಿಯ ಕಣ್ಣು ತುಂಬಿತ್ತು. "ನಮ್ಮಮ್ಮನೂ ಹೋದ ವರ್ಷ," ಎಂದು ಅವನು ಕನ್ನಡಕವನ್ನು ಅಂಗಿಯ ಚುಂಗಿನಲ್ಲಿ ಒರೆಸಿದ. "ಎರಡು ವರ್ಷ ಹಾಸಿಗೆ ಮೇಲಿದ್ರು. ನನಗೆ ರಜ ಹಾಕೋಕೆ ಆಗ್ಲಿಲ್ಲ. ನೀವು ಕೆಲಸಾನೇ ಬಿಟ್ರಲ್ಲ, ದೊಡ್ಡ ಮನಸ್ಸು."

ಇಕ್ಕಳದಕ್ಕ ತಲೆ ತಗ್ಗಿಸಿದಳು. ದುಃಖದಿಂದ ಎಂದು ಅವರು ತಿಳಿದುಕೊಂಡರು. ನಾಚಿಕೆಯಿಂದ ಅವಳ ಕುತ್ತಿಗೆ ಸುಡುತ್ತಿತ್ತು. ಮೇಟ್ರನ್ ಮಾತ್ರ ಅವಳ ಮುಖದಿಂದ ಕಣ್ಣು ಕಿತ್ತಿರಲಿಲ್ಲ.

"ಸರಿ, ನನ್ನದೇನೂ ಪ್ರಶ್ನೆ ಇಲ್ಲ," ಎಂದು ಅಧಿಕಾರಿ ಉಳಿದಿಬ್ಬರ ಮುಖ ನೋಡಿದ. "ನನ್ನ ಮಟ್ಟಿಗೆ..."

ಗುರ್ರ್.

ಸ್ಟೀಲ್ ಟ್ರೇಯಲ್ಲಿ ಫೋನು ನಡುಗಿತು. ಶಬ್ದ ಆರಿಸಿದ್ದಳೇ ಹೊರತು ನಡುಕ ಆರಿಸಿರಲಿಲ್ಲ. ಟ್ರೇಯ ಬಾಗಿನಲ್ಲಿ ಅದು ಒಂದು ಸುತ್ತು ತಿರುಗಿ ಅಧಿಕಾರಿಯ ಕಡೆಗೇ ಮುಖ ಮಾಡಿ ನಿಂತಿತು. ಬೆಳಗಿದ ಪರದೆಯ ತುಂಬ ಬಾಯಿ ತೆರೆದು ನಗುವ ಮುದುಕಿಯ ಚಿತ್ರ. ಕೆಳಗೆ ದಪ್ಪ ಅಕ್ಷರದಲ್ಲಿ, ಅಮ್ಮ.

ಮೂವರೂ ನೋಡಿದರು. ಫೋನು ಇನ್ನೂ ನಾಲ್ಕು ಸಲ ಗುರುಗುಟ್ಟಿ ಸುಮ್ಮನಾಯಿತು.

ಆಗ ಅಧಿಕಾರಿಯೇ, ಆ ಪುಣ್ಯಾತ್ಮನೇ, ಅವಳ ನೆರವಿಗೆ ಬಂದ. "ನಂಬರ್ ಅಳಿಸೋಕೆ ಮನಸ್ಸು ಬಂದಿಲ್ಲ ಅಲ್ವಾ?" ಎಂದ ತಗ್ಗಿದ ದನಿಯಲ್ಲಿ. "ನಾನೂ ಅಳಿಸಿಲ್ಲ. ಅವರ ಫೋನ್ ಈಗ ಮಕ್ಕಳ ಹತ್ರ ಇರಬೇಕು."

ಇಷ್ಟು ಸುಲಭವಾದ ಪ್ರಶ್ನೆ ಯಾವ ಇಂಟರ್‌ವ್ಯೂನಲ್ಲೂ ಯಾರೂ ಕೇಳಿರಲಿಕ್ಕಿಲ್ಲ. ಉತ್ತರವನ್ನೂ ಅವನೇ ಬಾಯಿಗಿಟ್ಟಿದ್ದ. ಅವಳು ಮಾತಾಡಬೇಕಾಗಿಯೂ ಇರಲಿಲ್ಲ, ತಲೆಯಾಡಿಸಿದರೆ ಸಾಕಿತ್ತು. ತಲೆಯಾಡಿಸಿದರೆ ಕೆಲಸ, ಮನೆ, ಮಗಳಿಗೆ ಕೂತು ಬರೆಯುವುದಕ್ಕೊಂದು ಮೂಲೆ. ಅವಳ ಕುತ್ತಿಗೆ ಅರ್ಧ ಬಾಗಿಯೂ ಬಾಗಿತು. ಆದರೆ ಅಧಿಕಾರಿಯ ಒದ್ದೆ ಕಣ್ಣು ಎದುರಿಗಿತ್ತು. ಅವನ ತಾಯಿ ನಿಜವಾಗಿಯೂ ಸತ್ತಿದ್ದಳು. ಆ ನಿಜವಾದ ಸಾವಿನ ಪಕ್ಕದಲ್ಲಿ ತನ್ನ ಗಟ್ಟಿಮುಟ್ಟಾದ ಅಮ್ಮನನ್ನು ಮಲಗಿಸಿ, ಅವನ ಕಣ್ಣೀರಲ್ಲಿ ತಾನು ಕೈ ತೊಳೆಯುತ್ತಿದ್ದೇನೆ ಎಂದು ಅವಳಿಗೆ ಹೇಸಿಗೆಯಾಯಿತು.

"ಇಲ್ಲ ಸಾರ್," ಎಂದಳು. "ಅಮ್ಮ ಬದುಕಿದ್ದಾರೆ."

"ಏನು?"

"ಬದುಕಿದ್ದಾರೆ. ಲಕ್ವಾನೂ ಇಲ್ಲ, ಏನೂ ಇಲ್ಲ. ಆರೋಗ್ಯವಾಗಿದ್ದಾರೆ."

ಗುರ್ರ್. ಫೋನು ಮತ್ತೆ ತಿರುಗತೊಡಗಿತು. ಅಮ್ಮನ ಸ್ವಭಾವವೇ ಅದು, ಎತ್ತುವ ತನಕ ಬಿಡುವವಳಲ್ಲ. ಇಕ್ಕಳದ ಗುಣ ಮಗಳಿಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಮೇಟ್ರನ್ ಈಗ ಮಾತಾಡಿದಳು. "ಮೊದಲು ಫೋನ್ ಎತ್ತಿ. ಬದುಕಿರೋರನ್ನ ಕಾಯಿಸ್ಬಾರ್ದು."

ಇಕ್ಕಳದಕ್ಕ ಎತ್ತಿದಳು. ಅಮ್ಮನ ದನಿ ಕೋಣೆಗೆಲ್ಲ ಕೇಳಿಸಿತು. "ಹೋಗಿ ಮುಟ್ಟಿದ್ಯೇನೇ? ಏನಾದ್ರೂ ತಿಂದ್ಯಾ?"

"ಅಮ್ಮಾ, ಒಳಗಡೆ ಇದೀನಿ."

"ಒಳಗಡೆ ಇದ್ರೆ ಯಾಕೆ ಎತ್ತಿದೆ? ಬುದ್ಧಿ ಇಲ್ವಾ? ಇಡು ಇಡು!" ಎಂದು ಅಮ್ಮ ತಾನೇ ಇಟ್ಟಳು.

ಸರ್ಜನ್ ಕೆಮ್ಮುವ ನೆಪದಲ್ಲಿ ಮುಖ ಮುಚ್ಚಿಕೊಂಡ. ಅಧಿಕಾರಿ ನಗಲಿಲ್ಲ. ಅವನ ಮುಖ ಕೆಂಪಗಾಗಿತ್ತು. "ನಾಚಿಕೆ ಆಗ್ಬೇಕು ನಿಮಗೆ," ಎಂದ. "ಒಂದು ಕೆಲಸಕ್ಕೋಸ್ಕರ ಹೆತ್ತ ತಾಯೀನ... ನೀವಿನ್ನು ಹೊರಡ್ಬಹುದು."

ಇಕ್ಕಳದಕ್ಕ ಎದ್ದಳು.

"ಒಂದು ನಿಮಿಷ," ಎಂದ ಸರ್ಜನ್. ಈಗ ಅವನು ಗಡಿಯಾರ ನೋಡುತ್ತಿರಲಿಲ್ಲ. "ಒದ್ದೆ ಪ್ಯಾಕೆಟ್ಟಿಗೆ ಅಂಥ ಉತ್ತರ ಕೊಟ್ಟವರು ಹಳೆ ಕೆಲಸ ಯಾಕೆ ಬಿಟ್ರು ಅಂತ ನನಗೆ ತಿಳ್ಕೋಬೇಕು. ಈ ಸಲ ನಿಜ ಹೇಳಿ."

ನಿಂತುಕೊಂಡೇ ಹೇಳಿದಳು. ನಿಂತಾಗ ಮೇಜು ಅಷ್ಟೇನೂ ಎತ್ತರವಿರಲಿಲ್ಲ.

"ಯಂತ್ರ ಪೂರ್ತಿ ಓಡಿದ ಮೇಲೆ, ಅದು ಮುದ್ರಿಸಿಕೊಡೋ ಕಾಗದ ನೋಡಿ, ಪ್ಯಾಕೆಟ್ಟಿನ ಚೀಟಿಗೆ ಸಹಿ ಹಾಕ್ಬೇಕು. ಅದು ನಿಯಮ. ಆದರೆ ನಮ್ಮ ಕೈ ಇಡೀ ದಿನ ಒದ್ದೆ. ಪೆನ್ನು ಜಾರುತ್ತೆ, ಚೀಟಿ ಮೆತ್ತಗಾಗಿ ಹರಿಯುತ್ತೆ. ಅದಕ್ಕೆ ಬೆಳಿಗ್ಗೆ ಬಂದ ತಕ್ಷಣ, ಕೈ ಒಣಗಿರೋವಾಗ್ಲೇ, ಇಡೀ ದಿನದ ಚೀಟಿಗೆಲ್ಲ ಸಹಿ ಹಾಕಿ ಇಟ್ಕೋತಿದ್ವಿ. ಎಲ್ಲರೂ ಹಾಗೇ ಮಾಡ್ತಿದ್ರು. ಹೊಸಬರಿಗೆ ಕಲಿಸಿಕೊಟ್ಟಿದ್ದು ನಾನೇ."

ಮೇಟ್ರನ್ ಪೆನ್ನನ್ನು ಕೆಳಗಿಟ್ಟಳು.

"ಒಂದಿನ ಯಂತ್ರ ನಡುವೆ ನಿಂತೋಯ್ತು. ಹನ್ನೆರಡು ಪ್ಯಾಕೆಟ್ಟು ಅರ್ಧ ಬೆಂದಿದ್ವು. ಮತ್ತೆ ಹಾಕೋಣ ಅಂತ ಹೊರಗೆ ತೆಗೆದಿಟ್ವಿ. ಮತ್ತೆ ಹಾಕೋವಾಗ ಎಣಿಸಿದ್ರೆ ಹನ್ನೊಂದೇ ಇದ್ವು. ಒಂದು, ಪೂರ್ತಿ ಬೆಂದಿದ್ದರ ಜೊತೆ ಸೇರ್ಕೊಂಡು ಥಿಯೇಟರಿಗೆ ಹೋಗಿತ್ತು. ಬೆಂದಿದ್ದಕ್ಕೆ ಗುರುತು ಅಂತ ಮೇಲೆ ಅಂಟಿಸೋ ಪಟ್ಟಿ ಬಿಸಿ ತಾಗಿ ಕಪ್ಪಾಗಿತ್ತು, ಚೀಟಿ ಮೇಲೆ ನನ್ನ ಸಹಿ ಇತ್ತು. ಯಾರಿಗೆ ಅನುಮಾನ ಬರುತ್ತೆ?"

"ಆಮೇಲೆ?"

"ಓಡಿದೆ. ಥಿಯೇಟರ್ ಬಾಗಿಲು ತಳ್ಳಿ, ನಿಲ್ಸಿ ಅಂತ ಕೂಗ್ದೆ. ಅಷ್ಟರಲ್ಲಿ ಮೊಣಕಾಲು ಕುಯ್ದಾಗಿತ್ತು. ಸಾಮಾನೆಲ್ಲಾ ಬದಲಾಯಿಸಿದ್ರು, ರೋಗೀನ ಎರಡು ವಾರ ಇಟ್ಕೊಂಡು ಔಷಧಿ ಕೊಟ್ರು. ಆ ಮನುಷ್ಯ ನಡ್ಕೊಂಡೇ ಮನೆಗೆ ಹೋದ. ಆಸ್ಪತ್ರೆಯೋರು, ಸಹಾಯಕಿ ತಪ್ಪು ಮಾಡಿದ್ಲು ಅಂತ ಬರ್ಕೊಡು, ನಿನ್ನ ಉಳಿಸ್ಕೋತೀವಿ ಅಂದ್ರು. ಅವಳಿಗೆ ಓದೋಕೂ ಬರಲ್ಲ ಸಾರ್. ಸಹಿ ನಂದು ಅಂತ ಬರ್ಕೊಟ್ಟೆ."

"ಇದನ್ನ ಮೊದಲೇ ಹೇಳಿದ್ರೆ ನಿಮ್ಮನ್ನ ಮೆಚ್ಕೋತಿದ್ವಿ," ಎಂದ ಸರ್ಜನ್. "ಓಡಿ ಬಂದು ಹೇಳಿದ್ದಕ್ಕೆ. ಇದನ್ನ ಯಾಕೆ ಮುಚ್ಚಿಟ್ರಿ?"

ಇಲ್ಲಿಗೆ ನಿಲ್ಲಿಸಿದ್ದರೆ ಅವಳು ಒಳ್ಳೆಯವಳಾಗಿಯೇ ಆ ಕೋಣೆಯಿಂದ ಹೊರಬೀಳಬಹುದಿತ್ತು. ಆದರೆ ಹದಿನಾಲ್ಕು ತಿಂಗಳಿಂದ ನುಂಗಲಾರದ ತುತ್ತಾಗಿ ಕೂತಿದ್ದು ಈಗ ಬಾಯಿಗೇ ಬಂದಿತ್ತು.

"ಹಾಗೆ ಮೊದಲೇ ಸಹಿ ಹಾಕಿದ್ದು ಹನ್ನೊಂದು ವರ್ಷ ಸಾರ್. ಸಿಕ್ಕಿದ್ದು ಒಂದು. ಸಿಗದೆ ಹೋಗಿದ್ದು ಎಷ್ಟೋ ನನಗೆ ಗೊತ್ತಿಲ್ಲ. ಯಾರ ಗಾಯ ಯಾಕೆ ಕೀವಾಯ್ತೋ, ಯಾರು ಹೇಳ್ತಾರೆ? ಮೆಚ್ಕೋಬೇಡಿ."

ಅಧಿಕಾರಿ ಮೇಜಿನ ಮೇಲಿನ ಕಾಗದವನ್ನು ನೆಟ್ಟಗೆ ಜೋಡಿಸುತ್ತಾ ಕೂತ.

"ನಂದೊಂದು ಪ್ರಶ್ನೆ," ಎಂದಳು ಮೇಟ್ರನ್. ದನಿ ಒರಟಾಗಿರಲಿಲ್ಲ, ಮೆತ್ತಗೂ ಇರಲಿಲ್ಲ. "ಹತ್ತು ನಿಮಿಷದ ಹಿಂದೆ ನಮ್ಮ ಮುಖ ನೋಡ್ಕೊಂಡು ನಿಮ್ಮಮ್ಮನ್ನ ಸಾಯಿಸಿದ್ರಿ. ರೆಪ್ಪೆ ಕೂಡ ಹೊಡೀಲಿಲ್ಲ. ಸ್ಟೆರೈಲ್ ರೂಮಲ್ಲಿ ಯಾರೂ ನಿಮ್ಮ ಮುಖ ನೋಡ್ತಾ ಕೂರಲ್ಲ. ನಾಳೆ ಚೀಟಿ ಮೇಲೆ ನಿಮ್ಮ ಸಹಿ ಕಂಡ್ರೆ ನಾನು ಹೇಗೆ ನಂಬ್ಲಿ?"

ರಟ್ಟಿನ ತುಂಡುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಇಕ್ಕಳದಕ್ಕ ಒಂದೇ ಮಾತು ಅಂದಳು.

"ನಂಬ್ಬೇಡಿ ಮೇಡಂ. ಪ್ಯಾಕೆಟ್ಟು ಬಿಚ್ಚಿ ನೋಡಿ."

"ಹೊರಗೆ ಕೂತಿರಿ," ಎಂದಳು ಮೇಟ್ರನ್.

ಗುಲಾಬಿ ಫೈಲಿನ ಹುಡುಗಿ ಒಳಗೆ ಹೋಗಿ ನಗುತ್ತಾ ಬಂದಳು. ಏಳನೆಯವಳೂ ಹೋಗಿ ಬಂದಳು. ಒಬ್ಬೊಬ್ಬರಾಗಿ ಎಲ್ಲರೂ ಮನೆಗೆ ಹೊರಟರು. ಇಕ್ಕಳದಕ್ಕ ಒಬ್ಬಳೇ ಏಳು ಕುರ್ಚಿಗಳ ನಡುವೆ ಕೂತಳು. ಹೊರಗೆ ಕೂತಿರಿ ಅಂದದ್ದು ಮರ್ಯಾದೆಗೆ ಇರಬೇಕು, ಎದ್ದು ಹೋಗಿಬಿಡಲೇ ಎಂದು ಮೂರು ಸಲ ಚೀಲ ಹೆಗಲಿಗೆ ಹಾಕಿ ಮೂರು ಸಲ ಇಳಿಸಿದಳು. ಎಲ್ಲಕ್ಕಿಂತ ಕಷ್ಟವೆಂದರೆ ಕಿಟಕಿಯ ಕಡೆ ನೋಡದೆ ಇರುವುದಾಗಿತ್ತು.

ಮುಕ್ಕಾಲು ಗಂಟೆಯ ಮೇಲೆ ಮೇಟ್ರನ್ ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕೂರುವಾಗ ಮಂಡಿ ಹಿಡಿದುಕೊಂಡಳು.

"ಮೇಲ್ವಿಚಾರಕಿ ಕೆಲಸ ಬೇರೆಯವರಿಗೆ ಹೋಯ್ತು," ಎಂದಳು ಪೀಠಿಕೆಯಿಲ್ಲದೆ. "ನಿಮ್ಮನ್ನ ಬೇಡವೇ ಬೇಡ ಅಂದ್ರು ಸಾಹೇಬ್ರು. ಅವರಿಗೆ ನೋವಾಗಿದೆ, ತಪ್ಪಲ್ಲ."

"ತಪ್ಪಲ್ಲ ಮೇಡಂ."

"ಕೆಳಗಿನ ಹುದ್ದೆ ಒಂದಿದೆ. ಪ್ಯಾಕೆಟ್ಟು ಸುತ್ತೋದು. ಮೂರು ತಿಂಗಳು ನೋಡ್ತೀವಿ. ಅಲ್ಲೀವರೆಗೆ ನೀವು ಸುತ್ತಿದ್ದಕ್ಕೆಲ್ಲ ಬೇರೆಯವರು ಸಹಿ ಹಾಕ್ತಾರೆ. ನಿಮ್ಮ ಸಹಿ ನಡೆಯಲ್ಲ. ಇಪ್ಪತ್ತರ ಹುಡುಗಿ ಬಂದು ನಿಮ್ಮ ಕೆಲಸ ಬಿಚ್ಚಿ ನೋಡ್ತಾಳೆ. ಆಗುತ್ತಾ?"

ಹತ್ತೊಂಬತ್ತು ವರ್ಷ ದುಡಿದವಳಿಗೆ ಆ ಮಾತು ಕೆನ್ನೆಗೆ ಹೊಡೆದಂತೆ ಬಿತ್ತು. ಕಣ್ಣಲ್ಲಿ ನೀರೂ ಬಂತು. "ಆಗುತ್ತೆ," ಎಂದಳು.

"ಯಾಕೆ ಕೊಡ್ತಿದೀನಿ ಅಂತ ಕೇಳಲ್ವಾ?"

"ಯಾಕೆ ಮೇಡಂ?"

"ನನ್ನ ರೂಮಲ್ಲೂ ಬೆಳಿಗ್ಗೇನೇ ಸಹಿ ಹಾಕ್ತಾರೆ ಅಂತ ನನಗೆ ಬಹಳ ದಿನದಿಂದ ಅನುಮಾನ. ಕೇಳಿದ್ರೆ ಎಲ್ಲರೂ ಇಲ್ಲ ಅಂತಾರೆ. ಇವತ್ತು ಬಂದ ಏಳು ಜನಾನೂ ಇಂಥ ಕೆಲಸದಿಂದ್ಲೇ ಬಂದೋರು. ಹಾಗೊಂದು ನಡೆಯುತ್ತೆ ಅಂತ ಬಾಯಿಬಿಟ್ಟಿದ್ದು ನೀವೊಬ್ರೇ, ಅದೂ ಸಿಕ್ಕಿಬಿದ್ದ ಮೇಲೆ." ಮೇಟ್ರನ್ ಎದ್ದಳು. "ಸೋಮವಾರ ಏಳು ಗಂಟೆಗೆ ಬನ್ನಿ."

"ಮೇಡಂ, ಮನೆ...?"

"ಮನೆ ಖಾಯಂ ಆದವರಿಗೆ. ಮೂರು ತಿಂಗಳಾದ ಮೇಲೆ ನೀವು ಇರ್ತೀರೋ ಇಲ್ವೋ, ಮನೆ ಖಾಲಿ ಇರುತ್ತೋ ಇಲ್ವೋ. ನೋಡೋಣ."

ಮೇಟ್ರನ್ ಹೋದ ಮೇಲೆ ಇಕ್ಕಳದಕ್ಕ ಮೆಟ್ಟಿಲಿಳಿದು, ಆಸ್ಪತ್ರೆಯ ಗೇಟು ದಾಟಿ, ಬಸ್ಸಿನ ನಿಲ್ದಾಣದ ಗದ್ದಲದಲ್ಲಿ ನಿಂತು ಮನೆಗೆ ಫೋನು ಮಾಡಿದಳು. ಅಮ್ಮ ಮೊದಲ ರಿಂಗಿಗೇ ಎತ್ತಿದಳು.

"ಅಮ್ಮಾ, ಒಳಗೆ ನಿನ್ನ ಸಾಯಿಸ್ಬಿಟ್ಟೆ ಕಣಮ್ಮಾ."

"ಹುಷಾರಿಲ್ಲ ಅಂತ ಹೇಳು ಅಂದ್ರೆ ಅಲ್ಲೀವರೆಗೂ ಹೋದ್ಯಾ? ಹೋಗ್ಲಿ ಬಿಡು. ಕೆಲಸ ಕೊಟ್ರಾ?"

"ಸಣ್ಣದೊಂದು ಕೊಟ್ರು. ಮನೆ ಕೊಡ್ಲಿಲ್ಲ."

ಈಗ ಅಮ್ಮನ ದನಿ ತಗ್ಗಿತು. "ಇವಳಿಗೆ ಏನು ಹೇಳ್ಲೇ? ಸ್ಕೂಲಿಂದ ಬಂದವಳೇ ಬಟ್ಟೆ, ಪುಸ್ತಕ ಎಲ್ಲಾ ಚೀಲಕ್ಕೆ ತುಂಬ್ಕೊಂಡು ಕೂತಿದಾಳೆ."

"ನೀನೇನೂ ಹೇಳ್ಬೇಡ. ಅವಳಿಗೇ ಕೊಡು."

ಮಗಳ ಉಸಿರು ಕಿವಿಗೆ ಬಿತ್ತು. ಓಡಿ ಬಂದಿದ್ದಳು. "ಅಮ್ಮಾ! ಸಿಕ್ತಾ? ಮನೆ ನೋಡಿದ್ಯಾ?"

"ನೋಡ್ದೆ ಪುಟ್ಟಿ. ಕೆಲಸ ಸಿಕ್ಕಿದೆ. ಮನೆ ಸಿಕ್ಕಿಲ್ಲ. ಮೂರು ತಿಂಗಳು ನನ್ನ ಕೆಲಸ ನೋಡ್ತಾರಂತೆ."

ಹಿಂದೆ ಎಲ್ಲೋ ವಾಷಿಂಗ್ ಮಷೀನು ತಿರುಗುವ ಸದ್ದು.

"ಮೂರು ತಿಂಗಳಾದ್ಮೇಲೆ ಕೊಡ್ತಾರಾ?"

"ಗೊತ್ತಿಲ್ಲ."

"ಕೊಡ್ತಾರೆ ಅಂತ ಹೇಳಮ್ಮಾ. ಸುಮ್ನೆ ಹೇಳು."

ಬಸ್ಸೊಂದು ಬಂದು ನಿಂತು, ಜನ ಇಳಿದು, ಜನ ಹತ್ತಿ, ಹೊರಟೇಹೋಯಿತು. ಇಕ್ಕಳದಕ್ಕನ ತುಟಿಯ ತುದಿಗೇ ಬಂದಿತ್ತು, ಕೊಡ್ತಾರೆ ಕಂದಾ ಎಂಬ ಎರಡೇ ಮಾತು. ಹೇಳಿದ್ದರೆ ಮಗು ಇವತ್ತು ರಾತ್ರಿ ನಗುತ್ತಾ ಮಲಗುತ್ತಿತ್ತು. ಅವಳು ನಿಲ್ದಾಣದ ಕಂಬವನ್ನು ಹಿಡಿದುಕೊಂಡಳು.

"ಈಗ್ಲೇ ಹೇಳೋಕಾಗಲ್ಲ ಮಗಳೇ. ಆದ್ಮೇಲೆ ಹೇಳ್ತೀನಿ."

ಮಗಳ ದನಿ ಬಂತು, ಸಣ್ಣಗೆ. "ಸರಿ. ಚೀಲದಿಂದ ಬಟ್ಟೆ ತೆಗೆದಿಡ್ತೀನಿ."